ಕಂಬಣ್ಣನ ಹಿಂದೆ ಯಾರು?

ಟ್ರಾಲಿ ಗಿಡ್ಡವಾಗಿತ್ತು. ಮಗ ತಲೆಯ ಕಡೆಯಿಂದ ಎಳೆದ, ಮಗಳು ಪಾದದ ಕಡೆಯಿಂದ ತಳ್ಳಿದಳು. ಎಷ್ಟು ಹೆಣಗಿದರೂ ಅಪ್ಪನ ಕಾಲುಗಳು ಒಂದು ಗೇಣು ಹೊರಗೇ ಉಳಿದವು.

"ಮಂಡಿ ಸ್ವಲ್ಪ ಮಡಚಿ," ಅಂದ ಚಿತಾಗಾರದ ನೌಕರ.

"ಇಷ್ಟು ವರ್ಷ ಸಂಸಾರ ಮಾಡಿದೀನಿ, ನಾನು ಹೇಳಿದಾಗ್ಲೇ ಮಡಚ್ಲಿಲ್ಲ," ಅಂದಳು ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಮ್ಮ. "ಈಗ ನೀನು ಹೇಳಿದ್ರೆ ಮಡಚ್ತಾರಾ? ಹಾಗೇ ಬಿಡಪ್ಪ."

ಅವನನ್ನು ಎಲ್ಲರೂ ಕಂಬಣ್ಣ ಎಂದೇ ಕರೆಯುತ್ತಿದ್ದರು. ಉದ್ದಕ್ಕಿದ್ದ ಎಂಬುದು ಅರ್ಧ ಕಾರಣ. ನಿಂತುಕೊಳ್ಳುವುದೇ ಅವನ ಕಸುಬು ಎಂಬುದು ಇನ್ನರ್ಧ. ದುಡ್ಡು ಕೊಟ್ಟವರ ಪರವಾಗಿ ಕ್ಯೂ ನಿಲ್ಲುವುದು, ಅವರ ಸರದಿ ಬಂದಾಗ ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುವುದು. ಇವತ್ತು ಮೊದಲ ಸಲ ಮಲಗಿಕೊಂಡು ಕ್ಯೂನಲ್ಲಿದ್ದ, ಅದೂ ಸ್ವಂತಕ್ಕೆ. ಚಿತಾಗಾರದಲ್ಲಿದ್ದ ಎರಡು ಒಲೆಗಳಲ್ಲಿ ಒಂದು ಕೆಟ್ಟಿತ್ತು. ಹಾಗಾಗಿ ಅವನ ಮುಂದೆ ಇನ್ನೂ ಎರಡು ಟ್ರಾಲಿಗಳಿದ್ದವು; ಆ ಮನೆಯವರೆಲ್ಲ ಒಳಗೆ, ಒಲೆಯ ಕೋಣೆಯಲ್ಲಿದ್ದರು.

ಮಗಳ ಕೈಚೀಲದೊಳಗೆ ಫೋನು ಗುಂಯ್ ಎಂದಿತು. ಅವಳ ಫೋನಲ್ಲ, ಅಪ್ಪನದು. ಬೀಗ ತೆಗೆಯುವ ನಂಬರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಜೊತೆ ದುಡಿದವರಿಗೆ ಸುದ್ದಿ ಮುಟ್ಟಿಸೋಣವೆಂದು ಎರಡು ದಿನದಿಂದ ತೋಚಿದ ನಂಬರೆಲ್ಲ ಒತ್ತಿ ನೋಡಿ ಸೋತಿದ್ದಳು. ಆದರೆ ಬೀಗ ಹಾಕಿದ ಪರದೆಯ ಮೇಲೂ ಮೆಸೇಜು ಕಾಣುತ್ತದಲ್ಲ, ಓದಿದಳು.

"ಜನಸಾಗರ ಆ್ಯಪ್. ಅಭಿನಂದನೆಗಳು! ನಿಮಗೆ ಕೆಲಸ ಸಿಕ್ಕಿದೆ. ಶವಸಂಸ್ಕಾರಕ್ಕೆ ಜನ. ಬಿಳಿ ಬಟ್ಟೆ. ಒಂದು ಗಂಟೆ ಹೊತ್ತು. ನಗಬಾರದು. ಅಳುವುದು ನಿಮ್ಮಿಷ್ಟ." ಅದರ ಕೆಳಗೆ ವಿಳಾಸ. ವಿಳಾಸದ ಕೆಳಗೆ ಇನ್ನೊಂದು ಸಾಲು: "ನೀವು ಈಗಾಗಲೇ ಸ್ಥಳದಲ್ಲಿದ್ದೀರಿ. ಹಾಜರಿ ಹಾಕಲಾಗಿದೆ. ಭೇಷ್!"

ಅವಳು ತಲೆಯೆತ್ತಿ ಗೇಟಿನ ಬೋರ್ಡು ನೋಡಿದಳು. ಮತ್ತೆ ಫೋನು ನೋಡಿದಳು. ವಿಳಾಸ ಒಂದೇ.

"ಏನೋ ಇದು?"

ತಮ್ಮ ಓದಿ, ಒಂದು ಹೆಜ್ಜೆ ಹಿಂದೆ ಸರಿದ. ಕಟ್ಟುತ್ತಿರುವ ಮನೆಗಳನ್ನು ಮಾರುವ ಕಂಪನಿಯಲ್ಲಿ ಅವನಿಗೆ ಕೆಲಸ. ಇಸ್ತ್ರಿ ಕೆಡದ ಅಂಗಿ, ಕೆಡದ ಮುಖ.

"ಅಪ್ಪನ ಫೋನಿಗೂ ಹೋಯ್ತಾ ಇದು?"

"ಅಂದ್ರೆ ಬುಕ್ ಮಾಡಿದ್ದು ನೀನು."

"ನಮ್ಮ ಸಾಹೇಬ್ರು ಬರ್ತೀನಿ ಅಂದಿದಾರೆ ಅಕ್ಕ. ಬಂದು ನೋಡ್ತಾರೆ, ಇಲ್ಲಿ ಯಾರಿದಾರೆ? ನೀನು, ನಾನು, ಅಮ್ಮ, ಒಂದು ನಾಯಿ."

"ನಾಯಿ ಫ್ರೀಯಾಗಿ ಬಂದಿದೆ ಕಣೋ."

"ತಮಾಷೆ ಬೇಡ."

"ತಮಾಷೆ ಮಾಡಿರೋದು ನೀನು." ಅವಳು ಫೋನನ್ನು ಚೀಲಕ್ಕೆ ತುರುಕಿದಳು. "ಜೀವಮಾನವೆಲ್ಲ ಕಾಸಿಗೆ ಕಂಡೋರ ಜಾಗದಲ್ಲಿ ನಿಂತ್ರು. ಅವರಿಗೋಸ್ಕರ ಒಬ್ಬರು, ಒಬ್ಬರೇ ಒಬ್ಬರು, ಸುಮ್ಮನೆ ಬಂದು ನಿಂತಿದ್ರೆ ನಂಗೆ ಸಾಕಿತ್ತು. ಈಗ ಯಾರು ಬಂದ್ರೂ ನಿನ್ನ ಬಾಡಿಗೆಯವರಾ, ಅಪ್ಪನ ಕಡೆಯವರಾ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

"ಬಂದ್ರೆ ತಾನೇ," ಅಂದ ತಮ್ಮ. ಅಂದಮೇಲೆ ಅವನಿಗೇ ಕಿವಿ ಬಿಸಿಯಾಯಿತು.

*

ಮಗಳಿಗೆ ಎಂಟು ವರ್ಷವಿದ್ದಾಗ ಅಪ್ಪನಿಗೆ ಊಟದ ಡಬ್ಬಿ ಒಯ್ಯುವ ಕೆಲಸ ಅವಳದು. ಅಪ್ಪ ಎಲ್ಲಿರುತ್ತಾನೆಂದು ಹುಡುಕಬೇಕಿರಲಿಲ್ಲ. ಊರಿನಲ್ಲಿ ಅವತ್ತು ಅತಿ ಉದ್ದದ ಕ್ಯೂ ಎಲ್ಲಿದೆಯೋ ಅಲ್ಲಿ, ಎಲ್ಲ ತಲೆಗಳಿಗಿಂತ ಮೇಲೆ ಒಂದು ತಲೆ. ಆಸ್ಪತ್ರೆಯ ಚೀಟಿ, ಕರೆಂಟ್ ಬಿಲ್ಲು, ರೈಲಿನ ಟಿಕೆಟ್ಟು. ಹೊಸ ಸಿನಿಮಾ ಬಂದರೆ ಟಾಕೀಸು.

ಆ ಕಸುಬಿಗೆ ಒಂದು ಕಟ್ಟಳೆಯಿತ್ತು. ಒಂದೇ ಹೊತ್ತಿಗೆ ಎರಡು ಕಡೆ ಕೆಲಸ ಹಿಡಿದವನು ಒಂದು ಕಡೆ ತಾನು ನಿಂತು, ಇನ್ನೊಂದು ಕಡೆ ತನ್ನದೊಂದು ವಸ್ತು ಇಟ್ಟು ಹೋಗಬಹುದು. ಚಪ್ಪಲಿ, ಚೀಲ, ಕಲ್ಲು, ಏನಾದರೂ. ಅದೇ ಅವನು. ಅದನ್ನು ದಾಟಿ ಮುಂದೆ ಹೋದವನಿಗೆ ಮರುದಿನ ಯಾವ ಕ್ಯೂನಲ್ಲೂ ಜಾಗವಿಲ್ಲ.

"ಕಲ್ಲು ತಾನಾಗೇ ಮುಂದೆ ಹೋಗುತ್ತಾ ಅಪ್ಪ?" ಅಂತ ಅವಳು ಕೇಳಿದ್ದಳು.

"ಹಿಂದಿರೋನು ಸರಿಸ್ಬೇಕು. ಕಲ್ಲಿಗೆ ಕಾಲಿಲ್ಲ, ಅವನಿಗಿದೆ."

"ಅವನು ಸರಿಸ್ದೇ ಇದ್ರೆ?"

"ನಾಳೆ ಅವನ ಚಪ್ಪಲೀನೂ ಎಲ್ಲೋ ಕೂತಿರುತ್ತಲ್ಲ. ಅದನ್ನ ಯಾರು ಸರಿಸ್ತಾರೆ?"

ಟಾಕೀಸಿನ ಕ್ಯೂನಲ್ಲಿ ಇಡೀ ಊರಿಗೆ ಟಿಕೆಟ್ ಕೊಡಿಸಿದ ಕಂಬಣ್ಣ ಒಂದು ಸಿನಿಮಾವನ್ನೂ ನೋಡಲಿಲ್ಲ. ಮೊದಲ ಆಟಕ್ಕೆ ಜನರನ್ನು ಒಳಗೆ ಕಳಿಸಿ, ಗೋಡೆಗೆ ಒರಗಿ ಮುಂದಿನ ಆಟದ ಕ್ಯೂ ಶುರುಮಾಡುತ್ತಿದ್ದ. ಗೋಡೆ ತೆಳ್ಳಗಿತ್ತು. ಒಳಗಿನ ಡೈಲಾಗೆಲ್ಲ ಹೊರಗೆ ಬರುತ್ತಿತ್ತು, ಮುಖ ಮಾತ್ರ ಬರುತ್ತಿರಲಿಲ್ಲ. ಹೀಗೆ ಅವನಿಗೆ ನೂರಾರು ಡೈಲಾಗು ಬಾಯಿಪಾಠ; ಹೇಳಿದ ಹೀರೋ ದಪ್ಪಗಿದ್ದನೋ ಸಣ್ಣಗಿದ್ದನೋ ಗೊತ್ತಿಲ್ಲ.

"ಕತೆ ಏನಪ್ಪ?"

"ಇಂಟರ್ವಲ್ ತನಕ ಹೊಡೆದಾಟ. ಆಮೇಲೆ ಹೆಂಗಸರು ಅಳ್ತಾರೆ. ಕೊನೇಲಿ ಎಲ್ರೂ ಒಟ್ಟಿಗೆ ಚಪ್ಪಾಳೆ ಹೊಡೀತಾರೆ. ಯಾಕೆ ಅಂತ ಗೊತ್ತಿಲ್ಲ."

*

ಬಾಡಿಗೆಯವರು ಬಂದರು. ಬಿಳಿ ಅಂಗಿ, ಬಿಳಿ ಚೂಡಿದಾರ. ಒಬ್ಬನದು ಮಾತ್ರ ತಿಳಿ ಹಳದಿ, ತೊಳೆದು ತೊಳೆದು ಬಿಳಿಗೆ ಹತ್ತಿರ ಬಂದಿತ್ತು. ಯಾರೂ ಹೇಳದೆಯೇ ಟ್ರಾಲಿಯ ಹಿಂದೆ ಸಾಲಾಗಿ ನಿಂತರು. ಮೈಗೆ ಹತ್ತಿದ ಅಭ್ಯಾಸ.

"ಅಳೋದಕ್ಕೆ ಬೇರೆ ರೇಟಾ, ಇದ್ರಲ್ಲೇ ಸೇರಿದೆಯಾ?" ಅಂತ ಒಬ್ಬ ಪಿಸುಗುಟ್ಟಿದ.

"ನಿಮ್ಮಿಷ್ಟ ಅಂತ ಹಾಕಿದಾರೆ," ಅಂದ ಪಕ್ಕದವನು. "ನಿಮ್ಮಿಷ್ಟ ಅಂದ್ರೆ ಫ್ರೀ ಅಂತ ಅರ್ಥ."

"ಹಾಗಾದ್ರೆ ನನ್ನಿಷ್ಟ ಇಲ್ಲ."

ಕೊನೆಗೆ ಬಂದವನ ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪವಿತ್ತು. ವಯಸ್ಸಾದವನು, ಏದುಸಿರು ಬಿಡುತ್ತಿದ್ದ. ಸಾಲಿನ ಬಾಲಕ್ಕೆ ಬಂದು, ಹಳೆಯ ರೂಢಿಯಂತೆ, "ಕೊನೇಲಿ ಯಾರು?" ಎಂದು ಕೇಳಿದ. ಆಮೇಲೆ ಕತ್ತು ಚಾಚಿ ಮುಂದೆ ನೋಡಿದ. ಟ್ರಾಲಿಯಿಂದ ಒಂದು ಗೇಣು ಹೊರಗೆ ಚಾಚಿದ್ದ ಎರಡು ಪಾದ ಕಾಣಿಸಿತು.

ಅವನು ಸಾಲು ಬಿಟ್ಟು ಮುಂದೆ ಬಂದ. ಕಣ್ಣಿಗೆ ನಂಬಿಕೆ ಬರದೆ, ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

"ಕಂಬ," ಅಂದ. "ನಿನ್ನದೇನಾ ಇದು?"

ಅಮ್ಮ ಕುರ್ಚಿಯಿಂದಲೇ ಗುರುತು ಹಿಡಿದಳು. "ಸೋಡಾಬುಡ್ಡಿ ಅಲ್ವಾ ನೀನು?"

"ಹೌದು ಅತ್ತಿಗೆ."

"ಹೇಗೆ ಗೊತ್ತಾಯ್ತು ನಿಂಗೆ? ಯಾರು ಹೇಳಿದ್ರು?"

ಆಸ್ಪತ್ರೆಯವರು ಹೆಣವನ್ನು ಯಾರ ಕೈಗೆ ಕೊಟ್ಟರು, ಕಂಬಣ್ಣನ ಮನೆ ಈಗ ಯಾವ ಬೀದಿಯಲ್ಲಿದೆ, ಒಂದೂ ಸೋಡಾಬುಡ್ಡಿಗೆ ಗೊತ್ತಿರಲಿಲ್ಲ. ಇವತ್ತಿನ ಕೆಲಸ ಮುಗಿಸಿ ಹುಡುಕಿಕೊಂಡು ಹೋಗಬೇಕು ಅಂದುಕೊಂಡಿದ್ದ. ಇವತ್ತಿನ ಕೆಲಸ ಇದೇ ಆಗಿತ್ತು.

"ಆ್ಯಪ್ ಹೇಳ್ತು ಅತ್ತಿಗೆ," ಅಂದ ಕೊನೆಗೆ. "ಯಾರದ್ದು ಅಂತ ಹಾಕಿರ್ಲಿಲ್ಲ."

ಅಮ್ಮ ಮಗನ ಕಡೆ ನೋಡಿದಳು. ಮಗ ಗೇಟಿನ ಕಡೆ ನೋಡಿದ, ಯಾಕೆಂದರೆ ಅಲ್ಲಿ ಒಂದು ಸ್ಕೂಟರು ಬಂದು ನಿಂತಿತ್ತು. ಹೆಲ್ಮೆಟ್ ಬಗಲಲ್ಲಿಟ್ಟುಕೊಂಡ ಹುಡುಗಿಯೊಬ್ಬಳು ದೊಡ್ಡ ಹೂವಿನ ಚಕ್ರ ಹಿಡಿದು ಒಳಗೆ ಬಂದಳು. ಚಕ್ರದ ನಡುವಿನ ಪಟ್ಟಿಯ ಮೇಲೆ ಮಗನ ಕಂಪನಿಯ ಹೆಸರಿತ್ತು.

ಮಗ ಅಂಗಿ ಸರಿಮಾಡಿಕೊಂಡು ಎದುರು ಹೋದ. "ಸಾಹೇಬ್ರು ಕಾರಲ್ಲಿದ್ದಾರಾ?"

"ಕಾರಾ? ಇಲ್ಲ ಸರ್. ಅವರ ಪರವಾಗಿ ನಾನೇ. ಜನಸಾಗರದಿಂದ." ಹುಡುಗಿ ಹೂವಿನ ಚಕ್ರವನ್ನು ಕಂಬಣ್ಣನ ಎದೆಯ ಮೇಲಿಟ್ಟು, ಫೋನು ತೆಗೆದು ಓದಿದಳು. "ತುಂಬಲಾರದ ನಷ್ಟ ಅಂತ ಹೇಳೋಕೆ ಹೇಳಿದಾರೆ. ಧೈರ್ಯ ತಂದ್ಕೋಬೇಕಂತೆ. ಸರ್, ಒಂದು ಫೋಟೋ ಕಳಿಸ್ಬೇಕು, ಸ್ವಲ್ಪ ಈ ಕಡೆ ನಿಲ್ತೀರಾ? ನೆರಳು ಬೀಳ್ತಿದೆ."

ಮಗ ಸರಿದು ನಿಂತ. ಫೋಟೋ ಆಯಿತು.

ಅಮ್ಮನ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಮಗಳು ಹತ್ತಿರ ಹೋದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ನಿಮ್ಮಪ್ಪ ಸತ್ರು, ಅವರ ಕಸುಬು ಸತ್ತಿಲ್ಲ ಕಣೇ," ಅಂದಳು. "ಕ್ಯೂ ನಿಲ್ಲೋರು ಹೆಣ ನೋಡೋಕೂ ಬರ್ತಿದಾರೆ. ಪ್ರಮೋಷನ್ನು."

ಸಿನಿಮಾದಲ್ಲಾದರೆ ಮಗ ಇಲ್ಲಿ ಮಂಡಿಯೂರಿ ಕುಸಿಯುತ್ತಿದ್ದ, ಹಿಂದಿನಿಂದ ಪಿಟೀಲು ಶುರುವಾಗುತ್ತಿತ್ತು. ಅವನು ಹೂವಿನ ಚಕ್ರದ ಪಟ್ಟಿಯನ್ನು ಮಗುಚಿ ಹೆಸರು ಕಾಣದಂತೆ ಇಟ್ಟ, ಅಷ್ಟೇ. ಒಳಗಿನ ಒಲೆಯ ಬಾಗಿಲು ಕಿರ್ರೆಂದಿತು. ಮುಂದಿನ ಟ್ರಾಲಿಯೊಂದು ಒಳಹೋಯಿತು. ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು.

ಮಗಳು ಸೋಡಾಬುಡ್ಡಿಯ ಪಕ್ಕ ನಿಂತಳು.

"ಅವತ್ತು ಅಪ್ಪನ ಜೊತೆ ಯಾರಿದ್ರು ಅಂತ ಆಸ್ಪತ್ರೇಲಿ ಯಾರೂ ಹೇಳ್ಲಿಲ್ಲ," ಅಂದಳು. "ಕ್ಯೂನಲ್ಲಿ ಕುಸಿದ್ರು ಅಂದ್ರು, ಅಷ್ಟೇ. ಅಪ್ಪನ ಹಿಂದೆ ಯಾರಿದ್ರು?"

"ನಾನೇ ಇದ್ದೆ ಮಗಳೇ."

*

ಮೊದಲು ಟಾಕೀಸು ಹೋಯಿತು. ಟಿಕೆಟ್ಟು ಫೋನಿನೊಳಗೆ ಬಂತು. ಆಮೇಲೆ ಕರೆಂಟ್ ಬಿಲ್ಲು, ಆಮೇಲೆ ರೈಲು, ಕೊನೆಗೆ ಆಸ್ಪತ್ರೆ. ಒಂದೊಂದೇ ಕಿಟಕಿ ಮುಚ್ಚಿತು. "ಕಾಯುವ ಕಷ್ಟ ಇನ್ನಿಲ್ಲ" ಎಂದು ಬೀದಿ ಬೀದಿಯಲ್ಲಿ ಬೋರ್ಡು ಬಿತ್ತು. ಕಂಬಣ್ಣ ಆ ಬೋರ್ಡಿನ ಕೆಳಗೇ ಕಾಯುತ್ತಾ ನಿಂತಿರುತ್ತಿದ್ದ, ಯಾರಾದರೂ ಕರೆಯುತ್ತಾರೇನೋ ಎಂದು.

ಆಮೇಲೆ ಕಂಪನಿಗಳಿಗೆ ಒಂದು ವಿಷಯ ಹೊಳೆಯಿತು. ಬಾಗಿಲಲ್ಲಿ ಕ್ಯೂ ಇಲ್ಲದ ಅಂಗಡಿಗೆ ಗಿರಾಕಿ ಬರುವುದಿಲ್ಲ. ಇಷ್ಟು ದಿನ ಕಷ್ಟಪಟ್ಟು ಅಳಿಸಿದ ಕ್ಯೂಗಳನ್ನು ಈಗ ದುಡ್ಡು ಕೊಟ್ಟು ಬರೆಸತೊಡಗಿದರು. ಜನಸಾಗರ ಬಂತು. ಹೊಸ ಹೋಟೆಲ್ಲಿಗೆ ಜನ, ಬಟ್ಟೆ ಅಂಗಡಿಗೆ ಜನ, ಭಾಷಣಕ್ಕೆ ಜನ. ಹೇಳಿದ ಹೊತ್ತು ಮುಗಿಯುವ ಮೊದಲು ಜಾಗ ಬಿಟ್ಟರೆ, ಅಥವಾ ಒಪ್ಪಿಕೊಂಡ ಕೆಲಸಕ್ಕೆ ಹೋಗದಿದ್ದರೆ, ಒಂದು ಕೆಂಪು ಚುಕ್ಕೆ. ಮೂರು ಚುಕ್ಕೆ ಬಿದ್ದರೆ ಆ್ಯಪು ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುವುದಿಲ್ಲ. ಬಟನ್ ಒತ್ತುವುದರಲ್ಲಿ ಕಂಬಣ್ಣ ಹುಡುಗರಿಗಿಂತ ನಿಧಾನವಿದ್ದುದರಿಂದ, ಬಂದ ಕೆಲಸವನ್ನೆಲ್ಲ ಫೋನು ತಾನೇ ಒಪ್ಪಿಕೊಳ್ಳುವ ಹಾಗೆ ಸೋಡಾಬುಡ್ಡಿ ಮಾಡಿಕೊಟ್ಟಿದ್ದ; ತನ್ನದರಲ್ಲೂ ಹಾಗೇ ಇಟ್ಟುಕೊಂಡಿದ್ದ.

ಅವತ್ತು ಹೊಸ ಫೋನಿನ ಅಂಗಡಿ. ಬೆಳಿಗ್ಗೆಯೇ ಕ್ಯಾಮೆರಾದವರು ಬಂದಿದ್ದರು. ಕ್ಯೂ ನಿಂತವರು ಮುಂಬಾಗಿಲಿನಿಂದ ಒಳಗೆ ಹೋಗಿ, ಹಿಂಬಾಗಿಲಿನಿಂದ ಹೊರಗೆ ಬಂದು, ಮತ್ತೆ ಬಾಲಕ್ಕೆ ಸೇರಿಕೊಳ್ಳಬೇಕು. ಫೋನು ಕೊಳ್ಳುವ ತಾಕತ್ತು ಅವರಲ್ಲಿ ಯಾರಿಗೂ ಇರಲಿಲ್ಲ.

"ಸ್ವಲ್ಪ ಕೂತ್ಕೋತೀನಿ ಕಣೋ," ಅಂದ ಕಂಬಣ್ಣ. "ಚೀಲ ನೋಡ್ಕೋ."

"ಕಂಬ ಕೂತ್ರೆ ಕರೆಂಟ್ ಹೋಗುತ್ತಲ್ಲೋ," ಅಂದ ಸೋಡಾಬುಡ್ಡಿ.

ಕಂಬಣ್ಣ ನಕ್ಕ. ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತ. ಕಣ್ಣು ಮುಚ್ಚಿದ. ಅಷ್ಟು ವರ್ಷದಲ್ಲಿ ಅವನು ಕೆಲಸದ ಹೊತ್ತಿನಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಪಾಪ, ಮಲಗಲಿ ಅಂದುಕೊಂಡರು. ಸಾಲು ಸರಿದಾಗಲೆಲ್ಲ ಸೋಡಾಬುಡ್ಡಿ ಚೀಲವನ್ನು ಕಾಲಿನಿಂದ ಮುಂದಕ್ಕೆ ನೂಕಿದ. ಹಿಂದಿದ್ದವರು ನೀಡಿದ ಕಾಲನ್ನು ತುಳಿಯದೆ ಹುಷಾರಾಗಿ ದಾಟಿದರು. ಚೀಲ ಬಾಗಿಲು ಮುಟ್ಟಿತು. ಕಾವಲಿನವನು ಚೀಲ ನೋಡಿ ಕಣ್ಣು ಕೆಕ್ಕರಿಸಿದ. ಸೋಡಾಬುಡ್ಡಿ ಚೀಲವನ್ನೂ ಎತ್ತಿಕೊಂಡು ಒಳಗೆ ಹೋಗಿ, ಹಿಂಬಾಗಿಲಿನಿಂದ ಹೊರಗೆ ಬಂದು, ಬಾಲದಲ್ಲಿ ಅದನ್ನು ತನ್ನ ಮುಂದೆ ಇಟ್ಟ. ಮತ್ತೆ ಸರಿಸಿದ, ಮತ್ತೆ ಸರಿಸಿದ. ಗೋಡೆಯ ಆ ಜಾಗ ಬಂದಾಗ ಬಗ್ಗಿ ಚೀಲವನ್ನು ಗೆಳೆಯನ ಮಗ್ಗುಲಿಗಿಟ್ಟ.

"ಏಳೋ," ಅಂದ. "ನಿನ್ನ ಚೀಲ ಒಂದು ರೌಂಡ್ ಹೊಡ್ಕೊಂಡು ಬಂತು."

ಆಟೋದಲ್ಲಿ ಅವನನ್ನು ಆಸ್ಪತ್ರೆಗೆ ಹಾಕಿಕೊಂಡು ಹೋಗುವಾಗ ಸೋಡಾಬುಡ್ಡಿಯ ಜೇಬಿನಲ್ಲಿ ಫೋನು ಗುಂಯ್ ಎಂದಿತ್ತು. ಜಾಗ ಬಿಟ್ಟದ್ದಕ್ಕೆ ಕೆಂಪು ಚುಕ್ಕೆ. ಅದು ಅವನ ಎರಡನೆಯದು. ಮೂರನೆಯದು ಬೀಳಬಾರದೆಂದು, ಗೆಳೆಯನನ್ನು ಆಸ್ಪತ್ರೆಯವರಿಗೆ ಒಪ್ಪಿಸಿ ಮುಂದಿನ ಕೆಲಸಕ್ಕೆ ಓಡಿದ್ದ.

*

"ಎಷ್ಟು ಹೊತ್ತು ಕೂತಿದ್ರು?" ಅಂದಳು ಮಗಳು.

"ಒಂದು ರೌಂಡು," ಅಂದ ಸೋಡಾಬುಡ್ಡಿ. "ಜಾಗ ಕಾದೆ ಮಗಳೇ. ಅವನನ್ನ ನೋಡ್ಲಿಲ್ಲ. ಜಾಗ ಮಾತ್ರ ಕಾದೆ."

ಕಂಬಣ್ಣನ ಮುಂದೆ ಇನ್ನೂ ಒಂದು ಟ್ರಾಲಿಯಿತ್ತು.

ಆಗ ಎಲ್ಲ ಫೋನುಗಳೂ ಒಟ್ಟಿಗೆ ಗುಂಯ್ ಎಂದವು. ಬಿಳಿ ಅಂಗಿಗಳ ಜೇಬಿನಲ್ಲಿ, ಹೆಲ್ಮೆಟ್ಟಿನೊಳಗೆ, ಮಗಳ ಕೈಚೀಲದಲ್ಲಿ. ಒಂದು ಗಂಟೆ ಮುಗಿದಿತ್ತು. ಊರಿನ ಆ ತುದಿಯಲ್ಲಿ ಹೊಸ ಹೋಟೆಲ್ಲಿನ ಉದ್ಘಾಟನೆ, ಕೂಡಲೇ ಹೊರಡಬೇಕು, ಬಣ್ಣದ ಬಟ್ಟೆ, ನಗುಮುಖ ಕಡ್ಡಾಯ.

"ಅದೇನು, ಹೊರಟ್ರಾ?" ಅಂದ ಮಗ. "ಇನ್ನೂ ಒಳಗೇ ಹೋಗಿಲ್ಲ ನಮ್ಮದು."

"ಒಂದೇ ಗಂಟೆಗೆ ಬುಕ್ ಮಾಡಿದ್ದೀರಿ ಸರ್," ಅಂದಳು ಹೆಲ್ಮೆಟ್ ಹುಡುಗಿ, ಮೆತ್ತಗೆ. "ಒಲೆ ಲೇಟಾದ್ರೆ ನಾವೇನು ಮಾಡೋಣ?"

ಸೋಡಾಬುಡ್ಡಿ ಕದಲಲಿಲ್ಲ. ತಿಳಿ ಹಳದಿ ಅಂಗಿಯವನು ಅವನ ಮೊಣಕೈ ಹಿಡಿದ. "ಬಾ ಮಾಮ. ನಿಂಗೆ ಎರಡು ಚುಕ್ಕೆ ಆಗಿದೆ. ಆ್ಯಪ್ ಹೋದ್ರೆ ಮನೇಲೇನು ಗೋಡೆ ನೋಡ್ಕೊಂಡು ಕೂರ್ತೀಯಾ?"

"ಬಿಡೋ."

"ನಾಳೆ ನಿಂಗೆ ಅನ್ನ ಯಾರು ಹಾಕ್ತಾರೆ, ಕಂಬಣ್ಣ ಹಾಕ್ತಾನಾ?"

ಸೋಡಾಬುಡ್ಡಿ ಮಗಳ ಮುಖ ನೋಡಿದ. ಅವಳು ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅನ್ನಬಹುದಿತ್ತು, ಎರಡರಲ್ಲಿ ಒಂದು. ಅವನು ತಲೆ ತಗ್ಗಿಸಿದ. ಬಗ್ಗಿ, ಬಲಗಾಲಿನ ಚಪ್ಪಲಿ ಬಿಚ್ಚಿ, ಟ್ರಾಲಿಯ ಚಕ್ರದ ಹಿಂದೆ ನೇರವಾಗಿ ಇಟ್ಟ. ಮೂತಿ ಒಲೆಯ ಕಡೆಗೆ. ಆಮೇಲೆ ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಗೇಟಿನ ಕಡೆ ನಡೆದ.

ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಬೂಟು ಹಾಕಿದ್ದ ಒಬ್ಬ, "ಮಾಮಂದು ಓಲ್ಡ್ ಸ್ಟೈಲು," ಎಂದು ನಗಾಡಿ ಹಾಗೇ ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು. ತಿಳಿ ಹಳದಿ ಅಂಗಿಯವನು ಕರವಸ್ತ್ರ ತೆಗೆದು ಮಡಚಿ ಚಪ್ಪಲಿಯ ಹಿಂದೆ ಇಟ್ಟ, ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲು. ಹೆಲ್ಮೆಟ್ ಹುಡುಗಿ ಹೆಲ್ಮೆಟ್ ಇಡಲು ಹೋಗಿ, ಪೊಲೀಸರ ನೆನಪಾಗಿ, ನೀರಿನ ಬಾಟಲಿ ಇಟ್ಟಳು. "ಅರ್ಧ ಇದೆ ಅಕ್ಕ, ಬೇಕಿದ್ರೆ ಕುಡೀರಿ," ಎಂದಳು. ಸ್ಕೂಟರು ಹೊರಟಿತು.

ವರಾಂಡದಲ್ಲಿ ಮೂವರು ಉಳಿದರು. ನಾಯಿಯೂ ಹೋಟೆಲ್ಲಿನ ವಾಸನೆ ಹಿಡಿದು ಹೋಗಿತ್ತೋ ಏನೋ, ಕಾಣಲಿಲ್ಲ.

ಮಗನ ಫೋನಿಗೆ ಮೆಸೇಜು ಬಂತು. ಇವತ್ತು ಬಂದವರು ಹೇಗೆ ನಿಂತರು, ನಕ್ಷತ್ರ ಕೊಡಿ. ಒಂದೊಂದೇ ಮುಖ ಬಂತು, ಅವನು ಯಾಂತ್ರಿಕವಾಗಿ ಒತ್ತುತ್ತಾ ಹೋದ. ಸೋಡಾಬುಡ್ಡಿಗೆ ಐದು ಕೊಟ್ಟ. ಆಮೇಲೆ ಬಂದ ಮುಖದ ಮುಂದೆ ಅವನ ಹೆಬ್ಬೆರಳು ನಿಂತುಬಿಟ್ಟಿತು. ಹೊಸ ಅಂಗಿ ತೊಟ್ಟು, ಕ್ಯಾಮೆರಾಗೆ ಹೆದರಿ, ಕತ್ತು ಸೆಟೆಸಿ ತೆಗೆಸಿಕೊಂಡ ಫೋಟೋ. ಕೆಳಗೆ ಬರೆದಿತ್ತು: "ಎಲ್ಲರಿಗಿಂತ ಮೊದಲು ಬಂದರು. ಕೊನೆಯ ತನಕ ಇದ್ದರು."

"ಏನು ಕೊಡ್ತೀಯ ನಿಮ್ಮಪ್ಪಂಗೆ?" ಅಂದಳು ಹಿಂದಿನಿಂದ ಇಣುಕಿದ ಅಮ್ಮ.

ಮಗ ಫೋನನ್ನು ಮಗುಚಿ ಹಿಡಿದುಕೊಂಡ.

ಒಲೆಯ ಬಾಗಿಲು ತೆರೆಯಿತು. ಮುಂದಿನ ಟ್ರಾಲಿ ಒಳಗೆ ಹೋಯಿತು. ಕಂಬಣ್ಣನ ಟ್ರಾಲಿಯನ್ನು ನೌಕರ ಮುಂದಕ್ಕೆ ಎಳೆದ. ಮಗಳು ಬಗ್ಗಿ ಚಪ್ಪಲಿಯನ್ನು ಸರಿಸಿದಳು. ಕರವಸ್ತ್ರವನ್ನು ಕಲ್ಲಿನ ಸಮೇತ ಸರಿಸಿದಳು. ಬಾಟಲಿಯನ್ನು ಸರಿಸಿದಳು.

"ಯಾರದ್ದಮ್ಮ ಈ ಕಸ?" ಅಂದ ನೌಕರ.

"ಮುಟ್ಬೇಡಿ," ಅಂದಳು. "ಬರ್ತಾರೆ."

ಅವರು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಕಂಬಣ್ಣನ ಸರದಿಯೂ ಬಂತು. ಉದ್ದ ಕಾಲುಗಳು ಬಾಗಿಲಿಗೆ ತಾಗದಂತೆ ಮಗ ಕೈ ಅಡ್ಡ ಹಿಡಿದ. ಅಮ್ಮ ಎದ್ದು ನಿಂತಳು. ಬಾಗಿಲು ಮುಚ್ಚಿತು. ಗೋಡೆಯಾಚೆಯಿಂದ ಸದ್ದು ಮಾತ್ರ ಬಂತು.

ಹೊರಗೆ ಇನ್ನೊಂದು ವ್ಯಾನು ಬಂದು ನಿಂತಿತು. ಯಾರೋ ಗುರುತಿಲ್ಲದ ಕುಟುಂಬ, ಅವರದೊಂದು ಟ್ರಾಲಿ. ಮುಂದಿದ್ದ ಗಂಡಸು ಬೆವರು ಒರೆಸಿಕೊಳ್ಳುತ್ತಾ ಖಾಲಿ ವರಾಂಡ ನೋಡಿದ.

"ಕೊನೇಲಿ ಯಾರಮ್ಮ?"

ಮಗಳು ನೀರಿನ ಬಾಟಲಿಯನ್ನು ತೋರಿಸಿದಳು.

ಅವನು ಬಾಟಲಿ ನೋಡಿದ, ಕರವಸ್ತ್ರ ನೋಡಿದ, ಒಂಟಿ ಚಪ್ಪಲಿ ನೋಡಿದ. ತನ್ನ ಟ್ರಾಲಿಯನ್ನು ತಂದು ಬಾಟಲಿಯ ಹಿಂದೆ ನಿಲ್ಲಿಸಿದ. ಸ್ವಲ್ಪ ಹೊತ್ತಿನ ನಂತರ, ಮುಂದೆ ಜಾಗ ಖಾಲಿಯಿರುವುದನ್ನು ಕಂಡು, ಕಾಲಿನ ತುದಿಯಿಂದ ಬಾಟಲಿಯನ್ನು ಮೆಲ್ಲಗೆ ಮುಂದಕ್ಕೆ ನೂಕಿದ.